ನಾಲ್ಕನೇ ಲೋಟ

ಜಲಮಂಡಳಿಯ ಕೌಂಟರಿನಲ್ಲಿ ಹಗಲೆಲ್ಲ ಕೂತು
ಯಾರ‍್ಯಾರದೋ ನೀರಿನ ಲೆಕ್ಕ ಬರೆದು
ಐದೂವರೆಗೆ ಕಿಟಕಿ ಮುಚ್ಚಿದ ಮೇಲೆ
ರದ್ದಾದ ಬಿಲ್ಲುಗಳ ಬೆನ್ನ ಮೇಲೆ ನನ್ನ ಕಸುಬು.

ನೀಲಿ ರಬ್ಬರ್‌ಬ್ಯಾಂಡಿನ ಕಟ್ಟು ಲಿಫ್ಟಿನ ಕಾದಂಬರಿ:
ಅವೆನ್ಯೂ ರಸ್ತೆಯ ಹಳೇ ಕಟ್ಟಡದಲ್ಲಿ ಚೌರಪ್ಪ
ಮೂರನೇ ಮಹಡಿಗೂ ನಾಲ್ಕಕ್ಕೂ ನಡುವೆ
ಹೋದ ಯುಗಾದಿಯಿಂದ ನಿಂತೇ ಇದ್ದಾನೆ.
ಬಾಗಿಲು ಹೇಗೆ ತೆಗೆಯಬೇಕೋ ನನಗೂ ತಿಳಿಯದು.

ಕೆಂಪು ಕಟ್ಟು ಮಾಸಿಕದ ಪತ್ತೇದಾರಿ ಧಾರಾವಾಹಿ.
ಐದು ಕಂತು ಅಚ್ಚಾಗಿವೆ.
ಕೊಂದವರು ಯಾರೆಂದು ಓದುಗರು ಕಾರ್ಡು ಹಾಕುತ್ತಾರೆ.
ನಾನೂ ಅದನ್ನೇ ಕೇಳುತ್ತಿದ್ದೇನೆ,
ಗುರುವಾರದೊಳಗೆ ಗೊತ್ತಾಗಬೇಕು.

ಒಮ್ಮೆ ಕಾರ್ಪೊರೇಷನ್ ಸರ್ಕಲ್ಲಿನಲ್ಲಿ ಬಸ್ಸು ಬ್ರೇಕು ಹಾಕಿ
ತೂಕಡಿಸುತ್ತಿದ್ದ ನನ್ನ ಮಡಿಲಿಂದ ಎರಡೂ ಕಟ್ಟು ಚೆಲ್ಲಿದವು.
ಕಂಡಕ್ಟರು ಬಗ್ಗಿ ಆಯ್ದು ಕೊಟ್ಟ, ಒಂದೇ ಕಂತೆ ಮಾಡಿ.
ಅಂದಿನಿಂದ ಚೌರಪ್ಪನ ಕೆಮ್ಮು
ಇನ್‌ಸ್ಪೆಕ್ಟರನಿಗೆ ಹತ್ತಿದೆ.
ಸಂಪಾದಕರು ಫೋನಿನಲ್ಲಿ ಮೆಚ್ಚಿಕೊಂಡರು:
ಈ ಸಲ ಪಾತ್ರಕ್ಕೆ ಜೀವ ಬಂದಿದೆಯಮ್ಮಾ.

ಮೂರನೆಯದಕ್ಕೆ ರಬ್ಬರ್‌ಬ್ಯಾಂಡಿಲ್ಲ,
ಅದು ನನ್ನೊಬ್ಬಳದಲ್ಲ.
ಟ್ಯಾನರಿ ರಸ್ತೆಯಲ್ಲಿ ಗಣಿತದ ಟ್ಯೂಷನ್ ಹೇಳುವ ಫಿರ್ದೋಸ್,
ಚಿಕ್ಕಪೇಟೆಯಲ್ಲಿ ಹೊಲಿಗೆ ಮಿಷನ್ ರಿಪೇರಿಯ ಇನ್ನಾಸಪ್ಪ, ನಾನು.
ಸರದಿಯಂತೆ ಒಬ್ಬೊಬ್ಬರದು ಒಂದೊಂದು ಅಧ್ಯಾಯ.
ಹಿಂದಿನವರು ಬರೆದದ್ದನ್ನು ಅಳಿಸುವಂತಿಲ್ಲ,
ಬೈಯಬಹುದು.
ನಾಯಕಿ ತುಳಸಮ್ಮ,
ಗಾಂಧಿನಗರದ ಲಾಡ್ಜಿನಲ್ಲಿ ರಿಜಿಸ್ಟರ್ ಬರೆಯುವವಳು,
ಬಂದವರ ಹೆಸರು ಸುಳ್ಳೋ ನಿಜವೋ
ಸಹಿಯ ಬಾಲದಲ್ಲೇ ಕಂಡುಹಿಡಿಯುವವಳು.

ಭಾನುವಾರ ಶಂಕರಪುರದ ದರ್ಶಿನಿ, ನಿಂತು ಕುಡಿಯುವ ಮೇಜು.
ಎರಡು ಬೈಟು ಹೇಳಿದರೆ ನಾಲ್ಕು ಲೋಟ,
ನಾವು ಮೂವರು.
ನಾಲ್ಕನೆಯದು ತುಳಸಮ್ಮನದು ಎಂದು ಹೇಳಿ
ಇನ್ನಾಸಪ್ಪನೇ ಕುಡಿಯುತ್ತಾನೆ.
ವಾಕ್ಯ ಬಿಗಿಯಾದರೆ ‘ಎಣ್ಣೆ ಬಿಡಮ್ಮಾ’ ಅನ್ನುತ್ತಾನೆ,
ಸಡಿಲವಾದರೆ ‘ದಾರ ಎಳಿ.’
ಫಿರ್ದೋಸ್ ಪೆನ್ಸಿಲ್ಲಿನಲ್ಲಿ ದಿನಗಳ ಲೆಕ್ಕ ಹಾಕುತ್ತಾಳೆ:
ಮಂಗಳವಾರ ಬಿದ್ದ ಹಲ್ಲು
ಸೋಮವಾರವೇ ನೋಯದೆ ಇರುತ್ತದಾ?

ಹನ್ನೊಂದನೇ ಅಧ್ಯಾಯ ಅವಳದು.
ಓದಿ ಮುಗಿಸಿದಳು. ತುಳಸಮ್ಮ ಸತ್ತಿದ್ದಳು.
ಮೇಜಿಗೆ ತಲೆಯಾನಿಸಿ, ಕೈಯಲ್ಲಿ ಪೆನ್ನು, ಮುಚ್ಚಳ ತೆರೆದೇ.
ನಾನು ಕೂಗಾಡಿದೆ. ಪಕ್ಕದ ಮೇಜಿನವರು
ಇಡ್ಲಿ ಹಿಡಿದುಕೊಂಡೇ ದೂರ ಸರಿದರು.
ಕೇಳಬಾರದಾ ಒಂದು ಮಾತು!
ಹನ್ನೆರಡರಲ್ಲಿ ಅವಳನ್ನು ಕೋಲಾರದ ರೈಲು ಹತ್ತಿಸಬೇಕೆಂದು
ಕಿಟಕಿ ಪಕ್ಕದ ಸೀಟು ಕೂಡ ಹಿಡಿದಿಟ್ಟಿದ್ದೆ.

ಫಿರ್ದೋಸ್ ಹಾಳೆ ಮಡಚಿದಳು, ಬಿಚ್ಚಿದಳು.
‘ಅಮ್ಮಿ ಹಾಗೇ ಹೋಗಿದ್ದು.
ಹಾಲಿನವನ ಲೆಕ್ಕ ಬರೀತಾ ಇದ್ದಳು.
ಮುಚ್ಚಳ ನಾನೇ ಹಾಕಿದೆ.
ಹದಿಮೂರು ವರ್ಷ ಆಯ್ತು,
ಎಲ್ಲಿ ಇಡೋದು ಅಂತ ಗೊತ್ತಾಗಿರಲಿಲ್ಲ.’

ಆ ಭಾನುವಾರ ನಾಲ್ಕನೇ ಲೋಟದ ಮೇಲೆ ಕೆನೆ ಕಟ್ಟಿತು.

ಅಳಿಸುವಂತಿಲ್ಲ, ನಿಯಮ ನಿಯಮವೇ.
ಆದರೆ ಆ ರಾತ್ರಿ ಕೆಂಪು ಕಟ್ಟಿನೊಳಗೆ
ಹೆಸರು ಬದಲಿಸಿಕೊಂಡ ಒಬ್ಬ ಹೆಂಗಸು ಬಂದು ಕೂತಳು,
ಸಹಿಯ ಬಾಲ ನೋಡಿ ಇನ್‌ಸ್ಪೆಕ್ಟರನಿಗೆ
‘ನೀನೂ ಸುಳ್ಳು ಹೇಳ್ತಿದ್ದೀಯ’ ಅಂದಳು.
ಇನ್ನಾಸಪ್ಪನೂ ಒಪ್ಪಿಕೊಂಡ ಆಮೇಲೆ:
ತನ್ನ ಒಂದು ಸಣ್ಣಕತೆಯಲ್ಲಿ ಅವಳಿಗೆ
ಬಾಡಿಗೆಯಿಲ್ಲದ ಕೋಣೆ ಕೊಟ್ಟಿದ್ದಾನಂತೆ.
ಫಿರ್ದೋಸಿಗೆ ಇನ್ನೂ ಹೇಳಿಲ್ಲ.

ಹನ್ನೆರಡನೇ ಅಧ್ಯಾಯ ನನ್ನದು. ಮೊದಲ ಸಾಲಷ್ಟೇ ಆಗಿದೆ:
ರಿಜಿಸ್ಟರಿನ ಕೊನೆಯ ಹೆಸರು ಅರ್ಧಕ್ಕೆ ನಿಂತಿತ್ತು,
ಬಂದಾತ ಕೀಲಿಗಾಗಿ ಕೈ ಚಾಚಿ ನಿಂತಿದ್ದ.
ಅವನಿಗೆ ಕೀಲಿ ಕೊಡುವವರು ಯಾರು,
ಯೋಚಿಸಬೇಕು. ನಾಳೆ ಗುರುವಾರ ಬೇರೆ.