ಏಳನೆಯ ಪುಟದ ಚುಕ್ಕೆ

ನಾನು ಪುಸ್ತಕದ ವ್ಯಾನು ಓಡಿಸುವವನು.
ನಾರ್ತಂಬರ್ಲೆಂಡಿನ ಬೋಳುಗುಡ್ಡಗಳ ನಡುವೆ
ಹದಿನಾಲ್ಕು ನಿಲುಗಡೆ, ಕೆಟ್ಟು ಕೂತ ಒಂದು ಹೀಟರು,
ಬೆನ್ನ ಹಿಂದೆ ಎರಡು ಸಾವಿರ ಪುಸ್ತಕ,
ತಿರುವಿಗೊಮ್ಮೆ ಒಂದಕ್ಕೊಂದು ಭುಜ ತಾಗಿಸಿ ಗೊಣಗುತ್ತವೆ.

ಹತ್ತು ಇಪ್ಪತ್ತಕ್ಕೆ ಚರ್ಚಿನ ಗೇಟು.
ಮೊದಲು ನಾಯಿ, ಆಮೇಲೆ ಕೋಲು,
ಆಮೇಲೆ ಕುರಿ ಕಾಯ್ದು ಮುಗಿಸಿದ ಆಸ್ವಿನ್ ಡಾಡ್ಸ್.
ಟ್ರ್ಯಾಕ್ಟರ್ ರಿಪೇರಿಯ ದಪ್ಪ ಪುಸ್ತಕ ಮೇಲೆ,
(ಎಂಟು ವರ್ಷದಿಂದ ಆ ಟ್ರ್ಯಾಕ್ಟರು ರಿಪೇರಿಯಲ್ಲೇ ಇದೆ)
ಅದರಡಿ ಅಡಗಿ ಮೂರು ಕಾದಂಬರಿ:
ನೀಲಿ ರೇಷ್ಮೆಗೌನು, ಮೇಣದ ಬತ್ತಿ, ಅರೆತೆರೆದ ಬಾಗಿಲು.
"ತಂಗಿಗೆ" ಅನ್ನುತ್ತಾನೆ.
ತಂಗಿ ಹೋಗಿ ಮೂರು ವರ್ಷ.
ಆ ದಿನ ಪೆಟ್ಟಿಗೆಗೆ ನಾನೂ ಹೆಗಲು ಕೊಟ್ಟಿದ್ದೆ.
ಮುದ್ರೆ ಒತ್ತಿ ಕೊಡುತ್ತೇನೆ:
"ಅವರಿಗೆ ಹಿಡಿಸಬಹುದು."

ಹನ್ನೊಂದೂ ಮುಕ್ಕಾಲಿಗೆ, ಮುಚ್ಚಿಹೋದ ಅಂಚೆಕಚೇರಿ.
ವಿನ್ನಿ ಚಾರ್ಲ್ಟನ್, ಮೂವತ್ತು ವರ್ಷ ಹೆಕ್ಸಮ್ಮಿನ ಅಂಗಡಿಯಲ್ಲಿ
ಊರವರ ಬಟ್ಟೆಯ ಕಲೆ ತೆಗೆದವಳು.
ಓದಿದ್ದನ್ನೇ ಮತ್ತೆ ಒಯ್ಯದಿರಲೆಂದು
ಏಳನೆಯ ಪುಟದ ಅಂಕಿಯಡಿ ಪೆನ್ಸಿಲಿನ ಒಂದು ಚುಕ್ಕೆ ಇಡುತ್ತಾಳೆ,
ಎಳ್ಳಿಗಿಂತ ಸಣ್ಣದು.
ನಿಯಮದ ಪ್ರಕಾರ ನಾನದನ್ನು ಕಾಣಬೇಕು. ಕಾಣುವುದಿಲ್ಲ.

"ಇನ್ನೊಬ್ಬರಿದ್ದಾರೆ" ಅಂದಳು ಒಂದು ಮಂಗಳವಾರ.
ಎಲ್ಲಿ ಮೊದಲ ಹೆಣ ಬೀಳುತ್ತದೋ ಅಲ್ಲಿ, ಅಂಚಿನಲ್ಲಿ,
ಕೆಂಪು ಸೀಸದ ಒಂದು ಗೀಟು.
ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಬೆಳಕಿಗೆ ಹಿಡಿದಳು:
"ಇದು ಕಡುಚಹಾ. ಇದು ಉಣ್ಣೆಯ ಜಿಡ್ಡು, ಅಂದರೆ ಹೆಣಿಗೆ ಹಾಕುವವಳು.
ನೃತ್ಯದ ರಾತ್ರಿಯ ಪುಟ ಉಬ್ಬಿದೆ, ನೋಡಿ, ಅತ್ತಿದ್ದಾಳೆ.
ವಿಧವೆ. ಎಡಚಿ. ಹೆಸರು ಹೇಳಬೇಡಿ!"
ಕೊನೆಯ ಪುಟ ಮೊದಲೇ ಓದುವವರನ್ನು ಕಂಡರೆ ಅವಳಿಗಾಗದು.

ಏನಿದೆ ಆ ಪುಸ್ತಕಗಳಲ್ಲಿ ಅಂತೀರಿ?
ನಾನೂ ಓದಿದ್ದೇನೆ, ಊಟದ ಬಿಡುವಿನಲ್ಲಿ,
ಸ್ಟಿಯರಿಂಗಿಗೆ ಒರಗಿಸಿಕೊಂಡು, ರೊಟ್ಟಿಯ ಪುಡಿ ಉದುರಿಸಿಕೊಂಡು.
ಇನ್ನೂರು ವರ್ಷ ಹಿಂದಿನ ಚಳಿಗಾಲ,
ಆದರೂ ಅಲ್ಲಿ ಕೋಣೆಕೋಣೆಗೂ ಬೆಂಕಿ.
ಯಾರೋ ಕೋಕೋದಲ್ಲಿ ವಿಷ ಬೆರೆಸಿದ್ದಾರೆ,
ಮುದುಕನ ಉಯಿಲು ಕಾಣೆ, ಕೈಗವಸೊಂದು ಬಾವಿಯಲ್ಲಿ ತೇಲುತ್ತಿದೆ.
ಇಷ್ಟರ ನಡುವೆ ಆ ಪುಣ್ಯಾತ್ಮ
ಅವಳ ಮಣಿಕಟ್ಟಿನ ಮುತ್ತಿನ ಗುಂಡಿ ಹಾಕಲು
ಒಂದೂವರೆ ಪುಟ ತೆಗೆದುಕೊಳ್ಳುತ್ತಾನೆ!
ಆ ಒಂದೂವರೆ ಪುಟದಲ್ಲೇ, ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ
ಕೊಲೆಗಾರ ಲಾಂದ್ರ ಹಿಡಿದು ಹಾದುಹೋಗಿರುತ್ತಾನೆ.
ನಾವು ಗುಂಡಿಯನ್ನೇ ನೋಡುತ್ತಿರುತ್ತೇವೆ.
ಇನ್ನೂರು ಪುಟ ಕಳೆದು, ಹಾಳೆ ಹಿಂದೆ ತಿರುವಿ,
"ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ!"
ಮೋಸಹೋಗಿ ಇಷ್ಟು ಹಿಗ್ಗುವುದು
ಬೇರೆಲ್ಲಿ ಸಾಧ್ಯ ಹೇಳಿ.

ಹೋದ ವಾರ ಆಸ್ವಿನ್, ಪುಸ್ತಕ ಮರಳಿಸುತ್ತ,
ನಾಯಿಯನ್ನು ನೋಡಿಕೊಂಡು ಕೇಳಿದ:
"ಏಳನೆಯ ಪುಟದಲ್ಲಿ ಚುಕ್ಕೆ ಇಡುವವರು ಯಾರಂತೆ?
ತಂಗಿ ಕೇಳಿದಳು."

ನನ್ನ ಜೇಬಿನಲ್ಲಿ ಕೌನ್ಸಿಲಿನ ಕಾಗದವಿದೆ.
ಡೀಸೆಲ್ ಖರ್ಚು, ಕಡಿಮೆಯಾದ ಓದುಗರು, ಇತ್ಯಾದಿ ಇತ್ಯಾದಿ.
ಏಪ್ರಿಲಿನಿಂದ ಚರ್ಚಿನ ಗೇಟೂ ಇಲ್ಲ, ಅಂಚೆಕಚೇರಿಯೂ ಇಲ್ಲ,
ಎರಡಕ್ಕೂ ಸೇರಿ ಸೇತುವೆಯ ಬಳಿ ಒಂದೇ ನಿಲುಗಡೆ,
ಹನ್ನೊಂದು ಗಂಟೆಗೆ.
ವ್ಯಾನಿಗಿರುವುದು ಎರಡೇ ಮೆಟ್ಟಿಲು, ಕಿರಿದು.
ಕೆಟ್ಟ ಸುದ್ದಿಯೇ. ಬಯ್ದುಕೊಳ್ಳುತ್ತ ಓದಿದೆ,
ಮತ್ತೆ ಓದಿದೆ,
ಮಡಚಿಟ್ಟೆ.

ಇಬ್ಬರಿಗೂ ಹೇಳಿಲ್ಲ.
ಹೀಟರಿನ ತಲೆಗೆ ಎರಡು ಬಡಿದು ಗೇರು ಹಾಕುತ್ತೇನೆ.
ಹಿಂದೆ, ತಿರುವಿನಲ್ಲಿ, ಒಂದು ಪುಸ್ತಕ ಬಿದ್ದ ಸದ್ದು.
ಇನ್ನೂ ಐದು ಮಂಗಳವಾರ ಇದೆ.