ಗಾಣದೆರೆ

ಮೊದಲ ಸಲ ಅದು ಸತ್ತದ್ದು ‘ಗಾಣದೆ’ ಎಂಬಲ್ಲಿ.
‘ರೆ’ ಒತ್ತಬೇಕಿದ್ದ ಬೆರಳು ಗಾಳಿಯಲ್ಲೇ ಉಳಿಯಿತು.
ಕಪ್ಪು ಪರದೆಯಲ್ಲಿ ನನ್ನ ಕನ್ನಡಕ, ಹಿಂದಿನ ಗೋಡೆ.
ಆಮೇಲೆ ತಾನಾಗೇ ಎದ್ದು
ಏನೂ ಆಗಿಲ್ಲವೆಂಬಂತೆ ಕಂಪನಿಯ ಹೆಸರು ತೋರಿಸಿತು.

ಶಂಕರಘಟ್ಟದ ಸುಕನ್ಯಾಳ ಪ್ರಬಂಧ, ಮೂರನೆಯ ಅಧ್ಯಾಯ,
ಕೆಳದಿಯವರ ಕಾಲದ ತೆರಿಗೆಗಳು.
ಪುಟಕ್ಕೆ ಹದಿನೆಂಟು ರೂಪಾಯಿ.
ಹೋದ ಪುಟವನ್ನು ಮತ್ತೆ ಕುಟ್ಟಿದರೆ ಅದಕ್ಕೆ ಯಾರೂ ಕೊಡುವುದಿಲ್ಲ.

ನೆಹರು ರಸ್ತೆಯ ತೌಸೀಫ್ ಬಂದ.
ಡಬ್ಬ ಬಿಚ್ಚಿ, ರ‍್ಯಾಮ್ ಕಿತ್ತು,
ಮಗಳ ಕಂಪಾಸಿನಿಂದ ರಬ್ಬರು ತಗೊಂಡು ಅದರ ಹಲ್ಲುಜ್ಜಿದ.
ಎರಡು ದಿನ ತಡೆಯಿತು.
ಪ್ರೊಸೆಸರಿಗೆ ಬಿಳಿ ಮುಲಾಮು ಹಚ್ಚಿದ,
ಎಸ್‌ಎಂಪಿಎಸ್ ಬದಲಿಸಿದ,
ಕೊನೆಗೆ ಎಲ್ಲ ಒರೆಸಿ ಹಾಕಿ ನುಡಿ ಹೊಸದಾಗಿ ಹಾಕಿಕೊಟ್ಟ.
ಮೇಜಿನ ಕೆಳಗೆ ಬ್ಯಾಟರಿ ಸತ್ತ ಯುಪಿಎಸ್, ನನ್ನ ಕಾಲುಮಣೆ;
ಅದರ ಕಡೆ ಅವನೂ ನೋಡಲಿಲ್ಲ, ನಾನೂ.
ಎರಡು ಸಲ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಂಗಡಿಗೆ ಒಯ್ದ.
ಅಲ್ಲಿ ಹಗಲೆಲ್ಲ ಓಡಿತಂತೆ, ಒಮ್ಮೆಯೂ ಕೆಮ್ಮದೆ,
ಡಾಕ್ಟರ ಬೆಂಚಿನಲ್ಲಿ ಕೂತ ಕೂಡಲೇ ಜ್ವರ ಬಿಡುವ ಹುಡುಗನ ಹಾಗೆ.
‘ಅಕ್ಕಾ, ಇದಕ್ಕೇನೂ ಆಗಿಲ್ಲ’ ಅಂದ,
ನನಗೇ ಏನೋ ಆಗಿದೆ ಅನ್ನುವ ದನಿಯಲ್ಲಿ.

ಅವತ್ತಿಂದ ಒಂದು ಪಟ್ಟಿ,
ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ.
ಸೋಮವಾರ, ಹತ್ತೂ ಹತ್ತು. ನುಡಿ ಮಾತ್ರ ತೆರೆದಿತ್ತು.
ಹನ್ನೊಂದೂವರೆ. ಏನೂ ತೆರೆದಿರಲಿಲ್ಲ, ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ.
ಬುಧವಾರ ನಾಲ್ಕು ಸಲ, ಎರಡು ಒಂದರ ಬೆನ್ನಿಗೊಂದು.
ರಾತ್ರಿ ಎಂದೂ ಇಲ್ಲ.
ಮಂಗಳವಾರ ಎಂದೂ ಇಲ್ಲ.
ಮಂಗಳವಾರ ವ್ರತ ಹಿಡಿದ ಕಂಪ್ಯೂಟರು ಎಲ್ಲಾದರೂ ಉಂಟೆ?

ಮೂರನೆಯ ವಾರ, ಅಕ್ಕಿ ಡಬ್ಬ ಹಿಡಿದು ಪಕ್ಕದ ಗಿರಣಿಗೆ ಹೋದವಳು
ಬಾಗಿಲ ಮೇಲಿನ ತಗಡು ಓದಿದೆ,
ಮಿಳಘಟ್ಟಕ್ಕೆ ಬಂದ ಹದಿನಾರು ವರ್ಷದಲ್ಲಿ ಮೊದಲ ಸಲ:
ಮಂಗಳವಾರ ರಜ.

ಹಾಲೇಶಪ್ಪ ಪಟ್ಟಿಯನ್ನು ಬೆಳಕಿಗೆ ಹಿಡಿದರು.
ಅವರ ರೆಪ್ಪೆಯ ಮೇಲೂ ಹಿಟ್ಟು.
ತಪ್ಪು ನಿಮ್ಮ ಮೋಟಾರಿನದು ಅಂತ ನಾನು ಬಾಯಿ ತೆರೆಯುವ ಮೊದಲೇ
ಬೆರಳಿಟ್ಟು ಓದತೊಡಗಿದರು:
‘ಸೋಮವಾರ ಹತ್ತೂ ಹತ್ತು, ಇದು ಗುತ್ಯಮ್ಮನ ರಾಗಿ, ಐದು ಸೇರು.
ಹನ್ನೊಂದೂವರೆ, ಪಾಯಸ್ ಮೇಷ್ಟ್ರ ಗೋಧಿ.
ಸಣ್ಣಗೆ ಬೇಕು ಅವರಿಗೆ, ಹಲ್ಲಿಲ್ಲ.
ಬುಧವಾರ... ಹಾಂ, ಮೆಹಬೂಬಿ ಮನೆ ಮದುವೆ ಮೆಣಸಿನಕಾಯಿ.
ಬೆಲ್ಟು ಜಾರಿತ್ತು, ಎರಡೆರಡು ಸಲ ಹಾಕಿದೆ.’

ನಾನು ಕಳಕೊಂಡ ಪುಟಗಳೆಲ್ಲ
ಮುದ್ದೆಯಾಗಿ, ಚಪಾತಿಯಾಗಿ
ಇದೇ ಕೇರಿಯ ತಟ್ಟೆಗಳಲ್ಲಿದ್ದವು.
ಏನಂತ ಜಗಳಾಡುವುದು? ಅಕ್ಕಿ ಬೀಸಿಸಿಕೊಂಡು ಬಂದೆ.
ಬರುವಷ್ಟರಲ್ಲಿ ಮನೆಯಲ್ಲಿ ಅದು ಇನ್ನೊಮ್ಮೆ ಸತ್ತಿತ್ತು,
ನನ್ನದೇ ಅಕ್ಕಿಗೆ.

ಅರಸರು ಗಾಣದಿಂದ ತೆರಿಗೆ ಎತ್ತುತ್ತಿದ್ದರು;
ಇಲ್ಲಿ ಗಿರಣಿ ನನ್ನಿಂದ.
ಅದಕ್ಕೆ ಸುಕನ್ಯಾಳ ಅಧ್ಯಾಯದಲ್ಲಿ ಹೆಸರಿಲ್ಲ.

ಆಮೇಲಿಂದ ಮೋಟಾರು ಹಾಕುವ ಮುಂಚೆ
ಹಾಲೇಶಪ್ಪ ಸೇರಿನಿಂದ ಗೋಡೆ ಕುಟ್ಟುತ್ತಾರೆ.
ರಾಗಿಗೆ ಒಂದು, ಅಕ್ಕಿ ಗೋಧಿಗೆ ಎರಡು, ಮೆಣಸಿನಕಾಯಿಗೆ ಮೂರು.
ಒಂದೇ ಸಾಕಿತ್ತು; ಈ ವಿಂಗಡಣೆ ಅವರದೇ.
ನಾನು ಕಂಟ್ರೋಲ್ ಎಸ್ ಒತ್ತಿ, ಕೈ ಕಟ್ಟಿ,
ಪರದೆ ಕಪ್ಪಾಗುವುದನ್ನು ಕಾಯುತ್ತೇನೆ.

ಕಾಯುತ್ತಿದ್ದೆ, ಅನ್ನಬೇಕು.
ಸುಕನ್ಯಾಳ ದುಡ್ಡು ಬಂದ ಮೇಲೆ ಕಾಲುಮಣೆಗೆ ಬ್ಯಾಟರಿ ಹಾಕಿಸಿದೆ.
ಈಗ ಅದು ಬೀಳುವುದಿಲ್ಲ.
ಹಾಲೇಶಪ್ಪನವರಿಗೆ ಇನ್ನೂ ಹೇಳಿಲ್ಲ.

ನಿನ್ನೆ ಮೂರು ಸಲ ಕುಟ್ಟಿದರು.
ಸೇವ್ ಮಾಡಿ, ಎದ್ದು ಹೋಗಿ ಕಿಟಕಿ ಹಾಕಿದೆ.
ಆದರೂ ಸೀನಿದೆ.
ಗೋಡೆಯಾಚೆ ಅವರೂ.