ಸೊಂಟ ಮೂವತ್ತೆರಡು

ಕೌಲ್ ಬಜಾರಿನ ಹಳೇ ಯೂನಿಟ್ಟು ಖಾಲಿ ಮಾಡುವ ದಿನ
ಅಟ್ಟದಿಂದ ಇಳಿದದ್ದು ಇಷ್ಟು:
ಸೊಟ್ಟ ಬಾಬಿನ್ನು, ತುಕ್ಕು ಹಿಡಿದ ರಿವೆಟ್ಟಿನ ಡಬ್ಬಿ,
ಯಾವ ಪ್ಯಾಂಟಿಗೂ ಸೇರದೆ ಉಳಿದ ಒಂಟಿ ಜೇಬು,
ಬಿಸ್ಕತ್ತಿನ ರಟ್ಟಿನಲ್ಲಿ ಹದಿನೇಳು ಕ್ಯಾಸೆಟ್ಟು.

ಕಟಿಂಗ್ ಮಾಸ್ತರ ದಸ್ತಗೀರಣ್ಣನಿಗೆ ಅಕ್ಷರ ಬರುತ್ತಿರಲಿಲ್ಲ.
ಕತ್ತರಿ ಬರುತ್ತಿತ್ತು.
ರಾತ್ರಿ ಟೇಪಿನ ಕೆಂಪು ಗುಂಡಿ ಒತ್ತಿ ಅಳತೆ ಹೇಳಿಡುವನು,
ಮುಂಜಾನೆ ಅದನ್ನೇ ಹಚ್ಚಿಕೊಂಡು
ನೀಲಿ ಥಾನಿನ ಮೇಲೆ ಸೀಮೆಸುಣ್ಣ ಎಳೆಯುವನು.
ಕ್ಯಾಸೆಟ್ಟೆಲ್ಲ ಗುಜರಿಯಿಂದ ಕಿಲೋ ಲೆಕ್ಕಕ್ಕೆ ತಂದವು.
ಒಳಗೆ ಭಜನೆಯಿರಲಿ, ಭಾಷಣವಿರಲಿ,
ಬೆನ್ನಿನ ಮುರಿದ ಹಲ್ಲಿಗೆ ಚೂರು ಕಾಗದ ತುರುಕಿದರೆ ಮುಗಿಯಿತು,
ಯಾರ ಹಾಡಿನ ಮೇಲಾದರೂ ಮಲಗುತ್ತಿದ್ದವು
ಅವನ ಸೊಂಟ, ತೊಡೆ, ಕಾಲ್ಬಾಯಿ.

ಆಗ ನಾನು ಕಾಜಾ ಕುಟ್ಟುವ ಹುಡುಗಿ.
‘ಹುಲಿಗೀ, ಅರ್ಧ ಇಂಚು ಬಟ್ಟಿ ಅಂದ್ರ ಅರ್ಧ ಇಂಚು ಅನ್ನ’
ಎಂದು ಬೈದು, ನೆಲಕ್ಕೆ ಬಿದ್ದ ಚಿಂದಿ ಹೆಕ್ಕಿಸಿ
ಅದರಲ್ಲೇ ಕಾಸಿನ ಜೇಬು ಹೊಲಿಸುವನು.

ಹನ್ನೊಂದನೆಯ ಕ್ಯಾಸೆಟ್ಟಿಗೆ ಮಾತ್ರ ಚಿತ್ರವಿತ್ತು.
ಕರಿ ಚಿಮಣಿಯ ಮುಂದೆ ನಾಲ್ಕು ಬಿಳಿ ಹುಡುಗರು,
ಉದ್ದ ಕೂದಲು, ಮೈಮೇಲೆ ಜೀನ್ಸಿನ ಕೋಟು.
ನಾನು ಮೊದಲು ನೋಡಿದ್ದು ಹೊಲಿಗೆ.
ಎರಡೆಳೆ, ಗಟ್ಟಿ ಕೆಲಸ. ತೋಳು ಮಾತ್ರ ಕೈಯಿಂದಲೇ ಹರಿದದ್ದು,
ಅಂಚು ಮಡಚಿಲ್ಲ ಮೂರ್ಖರು.

ಇಸ್ತ್ರಿಯ ಚರಣರಾಜ ಅಕ್ಷರ ಕೂಡಿಸಿ ಓದಿದ:
ರಸ್ಟ್ ಪ್ಯಾರಿಶ್. ನೈಟ್ ಶಿಫ್ಟ್ ಸೇಂಟ್ಸ್. ಎಂಬತ್ತನೇ ಇಸವಿ. ಇಂಗ್ಲೆಂಡು.
ರಸ್ಟಂದ್ರ ತುಕ್ಕು. ಪ್ಯಾರಿಶ್ ಅಂದ್ರ?
ಓಣಿ ಇದ್ದಂಗ ಅಕ್ಕಾ, ಚರ್ಚಿನ ಓಣಿ.
ತುಕ್ಕಿನ ಓಣಿಯವರು, ರಾತ್ರಿ ಪಾಳಿಯ ಸಂತರು.
ಫೋನಿನೊಳಗೆ ಲೋಕವೇ ಐತಿ ಅನ್ನುವವನು
ಬೆರಳು ನೋಯುವವರೆಗೂ ಹುಡುಕಿದ.
ಆ ಲೋಕದಲ್ಲಿ ಈ ನಾಲ್ವರಿಲ್ಲ.

ಓವರ್‌ಲಾಕಿನ ಪಟ್ಟಿ ಕತ್ತರಿಸಿ ಟೇಪಿಗೆ ತೊಡಿಸಿದೆವು,
ಸಡಿಲಾದ ಸುರುಳಿಯನ್ನು ಪೆನ್ಸಿಲ್ಲಿನಿಂದ ಬಿಗಿದೆವು.
ಹಿಸ್ಸೆಂಬ ಗಾಳಿ. ಆಮೇಲೆ
ಮಣ್ಣಾಗಿ ಒಂಬತ್ತು ವರ್ಷವಾದವನ ಕೆಮ್ಮು.
‘ಸೊಂಟ ಮೂವತ್ತೆರಡು. ಉದ್ದ ನಲವತ್ತು.
ಹಿಂದ ಜೇಬು ಎರಡು. ಸಿಂಧನೂರಿಗೆ ನೂರಾ ಇಪ್ಪತ್ತು.’
ಕಟಕ್.
ಆ ಕಟಕ್ಕಿನ ಹಿಂದೆ
ಇಪ್ಪತ್ತು ಜೂಕಿ ಮಷಿನ್ನು ಒಮ್ಮೆಲೇ ತುಳಿದಂತೆ ಗಿಟಾರು!
ಮತ್ತೆ ಕಟಕ್. ‘ಸೊಂಟ ಮೂವತ್ನಾಲ್ಕು.’

ಹೀಗೇ, ಹರಿದ ಪರದೆಯಲ್ಲಿ ಬೀದಿ ಕಂಡಂತೆ
ಅಷ್ಟಷ್ಟೇ ಕೇಳಿದೆವು.
ಕತ್ತಲ್ ರಾತ್ರಿ ಅಲಾಯಿ ಕುಣಿಯ ಸುತ್ತ ಬಡಿಯುವ ಹಲಗೆ,
ಎಂಟು ಪದರ ಡೆನಿಮ್ಮಿನ ಮೇಲೆ ಸೂಜಿ ಹತ್ತುವಾಗಿನ ನರಳಾಟ,
ಒಬ್ಬ ಗಂಟಲು ಹರಿದುಕೊಂಡು ಮೇಲೆ ಹೋಗಿ
ಇಳಿಯುವ ದಾರಿ ಮರೆತವನ ಹಾಗೆ ಅಲ್ಲೇ ನಿಂತ.
ಅಷ್ಟರಲ್ಲಿ ತೊಡೆ ಇಪ್ಪತ್ತೆರಡು.

ಎರಡನೇ ಮಗ್ಗುಲು ತಿರುವಿದೆ.
ಮೂರು ಆರ್ಡರು ಮುಗಿದವು. ಕಟಕ್.
ಆಮೇಲೆ ಅವನು ಬರಲೇ ಇಲ್ಲ.
ಹಾಡು ಶುರುವಾಯಿತು, ನಡೆಯಿತು, ಬಾಗಿತು, ಮತ್ತೆ ಎದ್ದಿತು.
ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ನಿಮಿಷ.
ಕಟ್ಟಕಡೆಯ ತಂತಿ ನಡುಗಿ ನಿಂತ ಮೇಲೆ
ಮೆಲ್ಲಗೆ, ಯಾರನ್ನೋ ಎಬ್ಬಿಸಬಾರದೆಂಬಂತೆ:
‘ಸೊಂಟ ಇಪ್ಪತ್ತೆಂಟು.’

ಅರ್ಧ ಇಂಚು ಬಿಡದವನು
ನಾಲ್ಕೂವರೆ ನಿಮಿಷದ ಪಟ್ಟಿ ಸುಮ್ಮನೆ ಬಿಟ್ಟನೇ?
ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದೆ.
ಗಾಜಿನ ಕಿಂಡಿಯ ಪಕ್ಕ ಮಾಸಿದ ಎರಡು ಸುಣ್ಣದ ಗೆರೆ,
ಇಲ್ಲಿಂದ ಇಲ್ಲಿಗೆ ಕತ್ತರಿ ಹಾಕಬ್ಯಾಡ
ಎಂದು ನಮಗೆ ಕಲಿಸಿದ ಅದೇ ಗೆರೆ.
ಒಂದು ದಿನವೂ ಹೇಳಲಿಲ್ಲ ನೋಡು.
ನಾವೂ ಕೇಳಲಿಲ್ಲ.

ಹೊರಗೆ ಲಗೇಜ್ ಆಟೋದವನು ಹಾರನ್ನು ಹೊಡೆದ:
ಅಕ್ಕಾ, ಮುಂಡರಗಿ ಮುಟ್ಟೋದ್ರಾಗ ಕತ್ತಲಾಗತೈತಿ.
ತಡಿಯಪ್ಪಾ, ಅಂದೆ.
ಚರಣರಾಜನ ಕೈಯಲ್ಲಿ ಪೆನ್ಸಿಲ್ಲು
ಹಿಂದಕ್ಕೆ ತಿರುಗುತ್ತಿತ್ತು.